ಕಾಲಿಗೆ ತಕ್ಕ ಪೆಡಲು

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮಲೆನಾಡಿನ ಒಂದು ದೇವಸ್ಥಾನದ ಜಾತ್ರೆ, ರಾತ್ರಿ ಹತ್ತೂವರೆಗೆ ನಮ್ಮ ಆರ್ಕೆಸ್ಟ್ರಾ. ವೇದಿಕೆ ದೇವಸ್ಥಾನದ ಅಂಗಳದೊಳಗೇ ಇದ್ದದ್ದರಿಂದ ಚಪ್ಪಲಿ, ಶೂ ಎಲ್ಲ ಹೊರಗೆ. ಜನವರಿಯ ಚಳಿಗೆ ವೇದಿಕೆಯ ಹಲಗೆ ಕಾಲಿಟ್ಟರೆ ಕೊರೆಯುತ್ತಿತ್ತು. ನನ್ನ ಮುಂದೆ ಎರಡೇ ಸ್ವಿಚ್ಚಿನ ಒಂದು ಪ್ಲಾಸ್ಟಿಕ್ ಪ್ರೊಸೆಸರ್: ಒಂದನ್ನು ತುಳಿದರೆ ಮುಂದಿನ ಸೌಂಡು, ಇನ್ನೊಂದನ್ನು ತುಳಿದರೆ ಹಿಂದಿನದು. ಕುಣಿತದ ಹಾಡು ಮುಗಿದು ಭಾವಗೀತೆ ಶುರುವಾಗಬೇಕಿತ್ತು. ಏಳನೆಯ ಸೌಂಡಿನಿಂದ ಎರಡನೆಯದಕ್ಕೆ ಬರಬೇಕಾದರೆ ಐದು ಸಲ ತುಳಿಯಬೇಕು. ಮರಗಟ್ಟಿದ ಹೆಬ್ಬೆರಳು ನಾಲ್ಕು ಸಲ ಒತ್ತಿತೋ ಆರು ಸಲವೋ, ದೇವರೇ ಬಲ್ಲ. ಗಾಯಕಿ ಕಣ್ಣು ಮುಚ್ಚಿ ಆಲಾಪ ಎತ್ತಿಕೊಂಡರು, ನಾನು ಮೆಲ್ಲಗೆ ಒಂದು ಕಾರ್ಡ್ ಮೀಟಿದೆ. ಘಾಟಿಯಲ್ಲಿ ಲಾರಿ ಗೇರು ಬದಲಿಸಿದ ಹಾಗೆ ಸದ್ದು ಬಂತು. ಮುಂದಿನ ಸಾಲಿನಲ್ಲಿ ತಾಯಿಯ ಮಡಿಲಲ್ಲಿ ಮಲಗಿದ್ದ ಮಗು ಎದ್ದು ಕೂತು ಅಳತೊಡಗಿತು. ಗಾಯಕಿ ಆಮೇಲೆ ಊಟದ ಹೊತ್ತಿನಲ್ಲೂ ನನ್ನ ಕಡೆ ತಿರುಗಲಿಲ್ಲ.

ಈ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹಾಗಾಗಿ ಅಕ್ಕನ ಮಗ ಫೋನ್ ಮಾಡಿ, ‘ಮಾವ, ಒಂದು ಪ್ರೊಸೆಸರ್ ತಗೋಬೇಕು, ನಿಮಗೆ ಹೇಗೂ ಅನುಭವ ಇದೆಯಲ್ಲ’ ಅಂದಾಗ ಆ ‘ಅನುಭವ’ದ ಮೇಲೆ ಒತ್ತು ಕೊಂಚ ಹೆಚ್ಚೇ ಬಿದ್ದಿತ್ತು. ಅವನು ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಆಫೀಸಿನ ನಾಲ್ವರು ಸೇರಿ ಬ್ಯಾಂಡ್ ಕಟ್ಟಿಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ಮನೆಗೆ ಬಂದವನು ಕಾಫಿ ಕುಡಿಯುವ ಮೊದಲೇ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಹಾಳೆ ತೋರಿಸಿದ. ಹದಿನಾಲ್ಕು ಪ್ರೊಸೆಸರುಗಳು, ಒಂದೊಂದರ ಮುಂದೆಯೂ ಆಂಪ್ ಎಷ್ಟು, ಇಫೆಕ್ಟ್ ಎಷ್ಟು, ಮೆಮೊರಿ ಎಷ್ಟು, ಬೆಲೆ ಎಷ್ಟು.

‘ಇದರಲ್ಲಿ ಇನ್ನೂರಕ್ಕೂ ಮೇಲೆ ಇಫೆಕ್ಟ್ ಇದೆ ಮಾವ. ಅದರಲ್ಲಿ ನೂರೈವತ್ತೇ.’

‘ನಿಮ್ಮ ಬ್ಯಾಂಡು ಎಷ್ಟು ಹಾಡು ನುಡಿಸುತ್ತೆ?’

‘ಹನ್ನೊಂದು.’

‘ಹನ್ನೊಂದಕ್ಕೂ ಸೇರಿ ಎಷ್ಟು ಸೌಂಡು ಬೇಕು?’

ಬೆರಳು ಮಡಚಿ ಎಣಿಸಿದ. ನಾಲ್ಕು. ಎಳೆದಾಡಿದರೆ ಐದು.

‘ನಿನ್ನ ಹಾಳೆಯಲ್ಲಿ ಎರಡು ಕಾಲಂ ಇಲ್ಲವಲ್ಲೋ. ಒಂದು, ಕಾಲು. ಇನ್ನೊಂದು, ಈ ಡಬ್ಬಿಯಿಂದ ಹೊರಟ ವೈರು ಹೋಗಿ ಎಲ್ಲಿ ಚುಚ್ಚಿಕೊಳ್ಳುತ್ತೆ ಅನ್ನೋದು.’

ಅವನಿಗೆ ನಗು ಬಂತು. ಅಕ್ಕನ ಮಕ್ಕಳು ಮಾವಂದಿರ ಮಾತಿಗೆ ನಗುವುದು ವಾಡಿಕೆ. ನಾನೂ ನನ್ನ ಸೋದರಮಾವನ ಮಾತಿಗೆ ಹಾಗೇ ನಕ್ಕವನು.

ಕಂಪನಿಗಳು ಇದನ್ನು ಮಲ್ಟಿ ಇಫೆಕ್ಟ್ಸ್ ಪೆಡಲ್, ಆಂಪ್ ಮಾಡೆಲರ್, ಫ್ಲೋರ್ ಯೂನಿಟ್ ಎಂದೆಲ್ಲ ಕರೆಯುತ್ತವೆ. ನಮ್ಮ ಆರ್ಕೆಸ್ಟ್ರಾದವರ ಬಾಯಲ್ಲಿ ಅದು ಮೊದಲಿನಿಂದಲೂ ಪ್ರೊಸೆಸರ್. ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಶುರುವಾಗಿ ಒಂದೂವರೆ ಲಕ್ಷ ದಾಟುವವರೆಗೂ ಸಿಗುತ್ತದೆ. ನೆಲದ ಮೇಲೆ ಕೂರುವ, ಕಾಲಿನಿಂದ ತುಳಿಯುವ ಒಂದು ಕಂಪ್ಯೂಟರ್ ಅದು. ಗಿಟಾರಿನ ತಂತಿಯಿಂದ ಬಂದ ಕ್ಷೀಣವಾದ ವಿದ್ಯುತ್ತನ್ನು ಅಂಕಿಗಳನ್ನಾಗಿ ಮಾಡಿ, ಆ ಅಂಕಿಗಳ ಮೇಲೆ ಲೆಕ್ಕ ಹಾಕಿ, ಮತ್ತೆ ವಿದ್ಯುತ್ತಾಗಿಸಿ ಆಚೆ ಬಿಡುತ್ತದೆ. ಆ ಲೆಕ್ಕ ಯಾಕೆ ಬೇಕಾಯಿತು ಅನ್ನುವುದು ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ಗೊಂದಲ ತಾನಾಗಿಯೇ ಕಳೆಯುತ್ತದೆ.

ಎಲೆಕ್ಟ್ರಿಕ್ ಗಿಟಾರು ಅರ್ಧ ವಾದ್ಯ. ಇನ್ನರ್ಧ ಅದರ ಆಂಪು, ಅಂದರೆ ಆಂಪ್ಲಿಫೈಯರು. ಮೊದಮೊದಲು ಆಂಪು ಮಾಡಿದವರಿಗೆ ಸದ್ದನ್ನು ಚೊಕ್ಕವಾಗಿ ದೊಡ್ಡದು ಮಾಡುವುದೊಂದೇ ಗುರಿಯಾಗಿತ್ತು. ಹುಡುಗರು ಗುಂಡಿಯನ್ನು ತುದಿಯವರೆಗೆ ತಿರುಗಿಸಿಬಿಟ್ಟರು. ತಾಳಲಾರದ ವಾಲ್ವುಗಳು ಅಲೆಯ ನೆತ್ತಿಯನ್ನು ಸವರಿಹಾಕಿದವು. ಆ ಸವರುವಿಕೆಯಿಂದ ಹುಟ್ಟಿದ ಒರಟು ಕಂಪನವೇ ರಾಕ್ ಗಿಟಾರಿನ ದನಿಯಾಯಿತು. ಕಿಂಕ್ಸ್ ಎಂಬ ಇಂಗ್ಲೆಂಡಿನ ತಂಡದ ಡೇವ್ ಡೇವಿಸ್ ತನ್ನ ಪುಟ್ಟ ಆಂಪಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ ಆ ಒರಟುತನವನ್ನು ಪಡೆದ. 1964ರ ಅವರ ‘ಯೂ ರಿಯಲಿ ಗಾಟ್ ಮಿ’ಯಲ್ಲಿ ಕೇಳುವುದು ಅದೇ. ಅದೇ ಕಾಲಕ್ಕೆ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯದಂಗಡಿ ಇಟ್ಟಿದ್ದ ಡ್ರಮ್ಸ್ ಮೇಷ್ಟ್ರು ಜಿಮ್ ಮಾರ್ಷಲ್, ಗಿರಾಕಿಗಳ ಒತ್ತಾಯಕ್ಕೆ ಇನ್ನೂ ದೊಡ್ಡ ಸದ್ದಿನ ಆಂಪುಗಳನ್ನು ಮಾಡತೊಡಗಿದ. ತೊಂದರೆ ಒಂದೇ: ಆ ದನಿ ಬೇಕೆಂದರೆ ಕಿವಿ ಗಡಚಿಕ್ಕುವ ಮಟ್ಟಕ್ಕೆ ಏರಿಸಲೇಬೇಕು. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವುದರೊಳಗೆ ನುಡಿಸಿ ಮುಗಿಸಬೇಕು.

ಆಂಪಿಲ್ಲದೆ ಆಂಪಿನ ದನಿ ತರುವ ಹಟ ಅಲ್ಲಿಂದ ಶುರು. ಬಾಸ್ಟನ್ ತಂಡದ ಟಾಮ್ ಶೋಲ್ಜ್ ಎಂಜಿನಿಯರಿಂಗ್ ಓದಿದ್ದವನು. 1982ರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಡ್‌ಫೋನಿನಲ್ಲಿ ನುಡಿಸುವ ರಾಕ್‌ಮನ್ ಎಂಬ ಡಬ್ಬಿ ತಂದ. 1989ರಲ್ಲಿ ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬಂತು. ಇವೆಲ್ಲ ಬಿಡಿಭಾಗಗಳ ಕರಾಮತ್ತು. ಲೆಕ್ಕದ ಯುಗ ಶುರುವಾದದ್ದು 1995ರ ರೋಲ್ಯಾಂಡ್ ವಿಜಿ-8ರಿಂದ. ಮರುವರ್ಷವೇ ಲೈನ್ 6 ತನ್ನ ಮೊದಲ ಡಿಜಿಟಲ್ ಆಂಪು ತಂದಿತು, 1998ರಲ್ಲಿ ಪಾಡ್ ಬಂತು. ದೊಡ್ಡ ರಾಜ್ಮಾ ಕಾಳಿನ ಆಕಾರದ, ಕೆಂಪು ಬಣ್ಣದ ಆ ಡಬ್ಬಿಯ ಚಿತ್ರವನ್ನು ಪತ್ರಿಕೆಯೊಂದರಲ್ಲಿ ನೋಡಿ ಕತ್ತರಿಸಿ ಡೈರಿಯಲ್ಲಿ ಇಟ್ಟುಕೊಂಡಿದ್ದೆ. ಕೊಳ್ಳಲು ಆಗಲೇ ಇಲ್ಲ. ಆಗ ಒಂದು ರಾತ್ರಿಯ ಪ್ರೋಗ್ರಾಮಿಗೆ ನನಗೆ ಕೊಡುತ್ತಿದ್ದದ್ದು ಇನ್ನೂರೈವತ್ತು ರೂಪಾಯಿ ಮತ್ತು ಬಸ್ ಚಾರ್ಜು.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಅಕ್ಕನ ಮಗನಿಗೆ ಕೇಳಿಸಿಯೇ ತೋರಿಸಿದೆ. ಹಳೆಯ ಡಿಸ್ಟಾರ್ಷನ್ ಪೆಡಲೊಂದನ್ನು ಗಿಟಾರಿಗೆ ಸಿಕ್ಕಿಸಿ, ಆಂಪು ಬಿಟ್ಟು, ನೇರವಾಗಿ ಮನೆಯ ಮಿಕ್ಸರಿಗೆ ಚುಚ್ಚಿದೆ. ಬೆಂಕಿಪೊಟ್ಟಣದಲ್ಲಿ ಕಣಜ ಕೂಡಿಹಾಕಿದ ಹಾಗೆ ಗುಂಯ್‌ಗುಟ್ಟಿತು. ಅವನು ಮುಖ ಸಿಂಡರಿಸಿದ. ಕಾರಣ ಸರಳ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರು 5 ಕಿಲೋಹರ್ಟ್ಜ್ ದಾಟಿದ ಮೇಲೆ ಹೆಚ್ಚೇನೂ ನುಡಿಯುವುದಿಲ್ಲ. ಕರ್ಕಶವನ್ನೆಲ್ಲ ಆ ದಪ್ಪ ಕಾಗದವೇ ನುಂಗಿಕೊಳ್ಳುತ್ತದೆ. ಶಾಮಿಯಾನದ ಎರಡು ಬದಿಗೆ ಪೇರಿಸಿಟ್ಟ ಸೌಂಡ್ ಬಾಕ್ಸುಗಳಿಗೆ ಆ ದಾಕ್ಷಿಣ್ಯವಿಲ್ಲ. ಕೊಟ್ಟದ್ದನ್ನೆಲ್ಲ ಊರಿಗೆ ಸಾರುತ್ತವೆ. ತೊಂಬತ್ತರ ದಶಕದ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಗಿಟಾರು ಕಣಜದ ಗೂಡಿನ ಹಾಗೆ ಕೇಳುತ್ತಿದ್ದದ್ದಕ್ಕೆ ನಮ್ಮ ಬೆರಳಿನಷ್ಟೇ ಈ ಕಾಗದ ಇಲ್ಲದಿದ್ದದ್ದೂ ಕಾರಣ.

ಹಾಗಾಗಿ ಇವತ್ತಿನ ಪ್ರೊಸೆಸರಿನಲ್ಲಿ ಆಂಪಿನಷ್ಟೇ ಮುಖ್ಯವಾದದ್ದು ಸ್ಪೀಕರಿನ ನಕಲು. ಅದಕ್ಕೆ ಐಆರ್, ಅಂದರೆ ಇಂಪಲ್ಸ್ ರೆಸ್ಪಾನ್ಸ್ ಅನ್ನುತ್ತಾರೆ. ವಿಜಯಪುರದ ಗೋಳಗುಮ್ಮಟದ ಮೇಲಂತಸ್ತಿನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದಲ್ಲ, ಆ ಮರುದನಿಯನ್ನು ಹಿಡಿದಿಟ್ಟುಕೊಂಡರೆ ಗುಮ್ಮಟದ ಗುಣವನ್ನೇ ಹಿಡಿದಿಟ್ಟುಕೊಂಡ ಹಾಗೆ. ಆಮೇಲೆ ಯಾರ ದನಿಯನ್ನಾದರೂ ಲೆಕ್ಕದಲ್ಲೇ ಆ ಗುಮ್ಮಟದೊಳಗೆ ನಿಲ್ಲಿಸಬಹುದು. ಸ್ಪೀಕರಿಗೂ ಹೀಗೇ ಮಾಡುತ್ತಾರೆ. ಅದರ ಮುಂದೆ ಮೈಕು ಇಟ್ಟು ಒಂದು ‘ಚಪ್ಪಾಳೆ’ಯ ಉತ್ತರವನ್ನು ದಾಖಲಿಸುತ್ತಾರೆ. ಸೆಕೆಂಡಿಗೆ 48,000 ಅಂಕಿಗಳ ಲೆಕ್ಕದಲ್ಲಿ 2,048 ಅಂಕಿಗಳಷ್ಟು ಉದ್ದದ್ದಾದರೆ ಸುಮಾರು 43 ಮಿಲಿಸೆಕೆಂಡು. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಆದರೆ ಕಣಜ ಗಿಟಾರಾಗಲು ಅಷ್ಟು ಸಾಕು. ಅಗ್ಗದ ಪ್ರೊಸೆಸರಿನಲ್ಲಿ ಆಂಪು ಸಾಧಾರಣವಾಗಿದ್ದರೂ ಹೊರಗಿನ ಒಳ್ಳೆಯ ಐಆರ್ ಹಾಕಿಕೊಳ್ಳುವ ಸೌಲಭ್ಯವಿದ್ದರೆ ಅರ್ಧ ಗೆದ್ದಂತೆ. ಬಡವರ ಪಾಲಿನ ವರ ಅದು.

‘ಮಾಡೆಲಿಂಗ್ ಒಳ್ಳೇದಾ, ಕ್ಯಾಪ್ಚರ್ ಒಳ್ಳೇದಾ?’ ಇದು ಅವನ ಹಾಳೆಯ ಇನ್ನೊಂದು ಕಾಲಂ. ಜರ್ಮನಿಯ ಕೆಂಪರ್ 2011ರಲ್ಲಿ ಪ್ರೊಫೈಲಿಂಗ್ ಎಂಬ ದಾರಿ ತೋರಿಸಿದ ಮೇಲೆ ಈ ಜಗಳ ನಡೆದೇ ಇದೆ. ನಾನು ಅಡುಗೆಮನೆಗೆ ಕರೆದುಕೊಂಡು ಹೋದೆ. ಮಾಡೆಲಿಂಗ್ ಎಂದರೆ ನಿನ್ನ ಅತ್ತೆಗೆ ಸಾರಿನ ಪಾಕ ಗೊತ್ತಿರುವ ಹಾಗೆ: ಹುಣಸೆ ಎಷ್ಟು, ಮೆಣಸು ಎಷ್ಟು, ಯಾವುದನ್ನು ಯಾವಾಗ. ಬೇಕಾದ ಹಾಗೆ ಬದಲಿಸಿದರೂ ಅದು ಸಾರೇ ಆಗಿರುತ್ತದೆ. ಕ್ಯಾಪ್ಚರ್ ಎಂದರೆ ಆಗಲೇ ಮಾಡಿಟ್ಟ ಸಾರನ್ನು ಹಾಗೇ ಡಬ್ಬಿಗೆ ಹಾಕಿಕೊಂಡು ಬಂದ ಹಾಗೆ. ರುಚಿ ಥೇಟ್ ಅದೇ. ಮೇಲಿನಿಂದ ಉಪ್ಪು ಸೇರಿಸಬಹುದು, ಹುಳಿ ತೆಗೆಯುವುದು ಕಷ್ಟ. ಅಸಲಿ ಆಂಪಿಗೆ ಪರೀಕ್ಷೆಯ ಸದ್ದುಗಳನ್ನು ಉಣಿಸಿ, ಆ ಕ್ಷಣಕ್ಕೆ ಗುಂಡಿಗಳು ಎಲ್ಲಿದ್ದವೋ ಆ ಸ್ಥಿತಿಯನ್ನು ಕಲಿತುಕೊಳ್ಳುವ ವಿಧಾನ ಅದು. ಫಿನ್‌ಲ್ಯಾಂಡಿನ ನ್ಯೂರಲ್ ಡಿಎಸ್‌ಪಿಯ ಕ್ವಾಡ್ ಕಾರ್ಟೆಕ್ಸ್ ಎರಡನ್ನೂ ಮಾಡುತ್ತದೆ. ನ್ಯೂರಲ್ ಆಂಪ್ ಮಾಡೆಲರ್ ಎಂಬ ಪುಕ್ಕಟೆ, ಮುಕ್ತ ತಂತ್ರಾಂಶ ಬಂದ ಮೇಲಂತೂ ಯಾರ ಮನೆಯ ಸಾರು ಬೇಕಾದರೂ ಯಾರಿಗೂ ಸಿಗುತ್ತದೆ. ಜಾತ್ರೆಯಲ್ಲಿ, ಆಫೀಸಿನ ಸಮಾರಂಭದಲ್ಲಿ ನುಡಿಸುವವನು ಇವೆರಡರ ವ್ಯತ್ಯಾಸಕ್ಕೆ ನಿದ್ದೆಗೆಡಬೇಕಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಬೇರೆ ಕಂಪನಿಯ ಆಂಪನ್ನು ನಕಲು ಮಾಡಬಹುದು, ಹೆಸರನ್ನು ಹಾಗೇ ಬಳಸಿದರೆ ವಕೀಲರು ಬರುತ್ತಾರೆ. ಹಾಗಾಗಿ ಪ್ರೊಸೆಸರಿನೊಳಗೆ ಎಲ್ಲರಿಗೂ ಅಡ್ಡಹೆಸರು. ವಾಕ್ಸ್ ಎಸಿ30ಕ್ಕೆ ಲೈನ್ 6 ಇಟ್ಟ ಹೆಸರು ಎಸೆಕ್ಸ್ ಎ30. ರೋಲ್ಯಾಂಡಿನ ಜಾಜ್ ಕೋರಸ್ ಅಲ್ಲಿ ಜಾಜ್ ರಿವೆಟ್. ಜರ್ಮನ್ ಮೂಲದ ಬೋಗ್ನರ್ ಎಂಬವರ ಒಂದು ಆಂಪಿನ ಹೆಸರೇ ಶಿವ. ಅದರ ನಕಲಿಗೆ ಇವರು ಏನು ಹೆಸರಿಟ್ಟರು ಗೊತ್ತೇ? ಜರ್ಮನ್ ಮಹಾದೇವ! ನಮ್ಮ ಕಾಲಡಿಯ ಡಬ್ಬಿಯೊಳಗೆ ಮಹಾದೇವ ಇದ್ದಾನೆ ಅನ್ನುವುದು ತಿಳಿದ ಮೇಲೆ ಅಕ್ಕ, ‘ತುಳಿಯೋ ಮೊದಲು ಒಂದು ನಮಸ್ಕಾರ ಮಾಡೋ’ ಅಂದಳು.

ಮಧ್ಯಾಹ್ನ ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಚುರುಕು. ದೊಡ್ಡ ಪರದೆಯ ಒಂದು ಪ್ರೊಸೆಸರನ್ನು ಎರಡು ಸ್ಪೀಕರಿಗೆ ಸಿಕ್ಕಿಸಿ ಮೊದಲನೆಯ ಸೌಂಡು ಮೀಟಿದ. ಎಡದಿಂದ ಬಲಕ್ಕೆ ಪ್ರತಿಧ್ವನಿ ಓಡಾಡಿತು, ಹಿಂದೆ ಕಡಲಿನಂಥ ರಿವರ್ಬು. ಅಕ್ಕನ ಮಗನ ಕಣ್ಣು ಅಗಲವಾಯಿತು. ನನಗೆ ಚಿಕ್ಕಪೇಟೆಯ ಸೀರೆ ಅಂಗಡಿ ನೆನಪಾಯಿತು. ಅಂಗಡಿಯ ದೀಪದ ಕೆಳಗೆ ಎಲ್ಲ ಸೀರೆಯೂ ಮಿಂಚುತ್ತದೆ. ತಿಳಿದ ಹೆಂಗಸರು ಅದನ್ನು ಬಾಗಿಲ ಬಳಿ ಬಿಸಿಲಿಗೆ ಹಿಡಿದು ನೋಡಿಯೇ ಬಣ್ಣ ಒಪ್ಪುವುದು. ಕಂಪನಿಯವರು ತುಂಬಿ ಕಳಿಸುವ ಸೌಂಡುಗಳು ಅಂಗಡಿಯಲ್ಲಿ ಒಂಟಿಯಾಗಿ ನುಡಿಸಿದಾಗ ಬೆರಗು ಹುಟ್ಟಿಸಲೆಂದೇ ಇರುವಂಥವು. ಡ್ರಮ್ಸು, ಬೇಸು, ಕೀಬೋರ್ಡು ಸೇರಿದ ಮೇಲೆ ಆ ಕಡಲು ಇಡೀ ಹಾಡನ್ನೇ ಕೆಸರು ಮಾಡುತ್ತದೆ.

‘ಒಂದು ಖಾಲಿ ಪ್ಯಾಚ್ ಕೊಡಪ್ಪ’ ಅಂದೆ. ಪ್ಯಾಚ್ ಅಂದರೆ ಆಂಪು, ಸ್ಪೀಕರು, ಇಫೆಕ್ಟು ಜೋಡಿಸಿಟ್ಟ ಒಂದು ಸೌಂಡು. ಒಂದೇ ಆಂಪು, ಒಂದೇ ಸ್ಪೀಕರು, ಬೇರೇನೂ ಬೇಡ. ಅದೂ ಒಂದೇ ಬಾಕ್ಸಿನಲ್ಲಿ. ನಮ್ಮ ಮಿಕ್ಸರಿನವರು ಗಿಟಾರಿಗೆ ಕೊಡುವುದು ಒಂದೇ ಲೈನು. ಸ್ಟೀರಿಯೋದ ಅಂದಚಂದ ಅಲ್ಲಿ ನಡೆಯುವುದಿಲ್ಲ. ಆಮೇಲೆ ಅಕ್ಕನ ಮಗನಿಗೆ, ಮೆಲ್ಲಗೆ ಮೀಟು, ಜೋರಾಗಿ ಮೀಟು, ಗಿಟಾರಿನ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ ಮೀಟು ಅಂದೆ. ಒಳ್ಳೆಯ ನಕಲಾದರೆ ಬೆರಳು ಹಗುರಾದಾಗ ದನಿ ತಿಳಿಯಾಗುತ್ತದೆ, ಒತ್ತಿದಾಗ ಕೆರಳುತ್ತದೆ, ನಿಜವಾದ ವಾಲ್ವಿನ ಹಾಗೆ. ಕೆಲವು ಅಗ್ಗದವುಗಳಲ್ಲಿ ಹೇಗೆ ಮೀಟಿದರೂ ಒಂದೇ ಮುಖ. ನಾಲ್ಕು ಪ್ರೊಸೆಸರುಗಳಲ್ಲಿ ಹೀಗೆ ನೋಡುವಷ್ಟರಲ್ಲಿ ಅಂಗಡಿಯ ಹುಡುಗ ನನ್ನನ್ನು ‘ಅಂಕಲ್’ ಅನ್ನುವುದನ್ನು ಬಿಟ್ಟು ‘ಸಾರ್’ ಅನ್ನತೊಡಗಿದ್ದ.

ಅಕೌಸ್ಟಿಕ್ ಸಿಮ್ಯುಲೇಟರ್ ಅಂತ ಒಂದಿರುತ್ತದೆ. ಎಲೆಕ್ಟ್ರಿಕ್ ಗಿಟಾರನ್ನು ಮರದ ಗಿಟಾರಿನ ಹಾಗೆ ನುಡಿಸುವುದಂತೆ. ಪ್ಲಾಸ್ಟಿಕ್ ಬಾಳೆಲೆ ನೋಡಿದ್ದೀರಲ್ಲ, ಹಾಗೆ. ತುರ್ತಿಗೆ ಆಗುತ್ತದೆ.

ಲೇಟೆನ್ಸಿಯ ಬಗ್ಗೆ ಅವನಿಗೆ ಬಹಳ ಆತಂಕ. ಲೆಕ್ಕ ಮಾಡಲು ಪ್ರೊಸೆಸರಿಗೆ ಕೆಲವು ಮಿಲಿಸೆಕೆಂಡು ಹಿಡಿಯುತ್ತದೆ, ಅಷ್ಟು ತಡವಾಗಿ ಕೇಳಿದರೆ ನುಡಿಸುವುದು ಹೇಗೆ ಎಂದು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಆಂಪಿನಿಂದ ಹತ್ತು ಅಡಿ ದೂರ ನಿಂತು ನುಡಿಸುವವನು ಆಗಲೇ ಒಂಬತ್ತು ಮಿಲಿಸೆಕೆಂಡು ತಡವಾಗಿ ಕೇಳಿಸಿಕೊಳ್ಳುತ್ತಿರುತ್ತಾನೆ, ಯಾರೂ ದೂರಿದ್ದಿಲ್ಲ. ಆ ಕಾಲಂ ಅಳಿಸಿಹಾಕಿದ.

ಈಗ ವೈರಿನ ಇನ್ನೊಂದು ತುದಿಗೆ ಬರೋಣ, ಯಾಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಒಂದು ಗಂಟೆಯವರೆಗೆ ತಿದ್ದಿತೀಡಿದ ಸೌಂಡು ವೇದಿಕೆಯ ಮೇಲೆ ಯಾಕೆ ಕಳೆದುಹೋಗುತ್ತದೆ? ಮೆಲ್ಲಗೆ ಕೇಳುವಾಗ ನಮ್ಮ ಕಿವಿಗೆ ತಗ್ಗಿನ ಮತ್ತು ತೀರಾ ಎತ್ತರದ ಸ್ವರಗಳು ಕಡಿಮೆ ಮುಟ್ಟುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ಹಾಗಾಗಿ ಮನೆಯಲ್ಲಿ ನಾವು ಬೇಸು ಏರಿಸುತ್ತೇವೆ, ಟ್ರೆಬಲ್ಲು ಏರಿಸುತ್ತೇವೆ, ನಡುವಿನದನ್ನು ತೋಡಿಹಾಕುತ್ತೇವೆ. ಆಹಾ ಅನ್ನಿಸುತ್ತದೆ. ವೇದಿಕೆಯ ಜೋರಿಗೆ ಅದೇ ಸೌಂಡು ತಳದಲ್ಲಿ ಗುಡುಗುಟ್ಟುತ್ತದೆ, ಮೇಲೆ ಚುಚ್ಚುತ್ತದೆ, ಗಿಟಾರು ವಾಸಿಸಬೇಕಾದ ನಡುಮನೆಯಲ್ಲಿ ಯಾರೂ ಇರುವುದಿಲ್ಲ. ತಳವನ್ನು ಬೇಸ್ ಗಿಟಾರಿಗೆ ಬಿಟ್ಟುಕೊಟ್ಟು ಸುಮಾರು 100 ಹರ್ಟ್ಜ್ ಕೆಳಗಿನದನ್ನು ಕತ್ತರಿಸುವುದು, 6-7 ಕಿಲೋಹರ್ಟ್ಜ್ ಮೇಲಿನದನ್ನು ಇಳಿಸುವುದು: ನಮ್ಮ ಸೌಂಡಿನ ಹುಡುಗರು ಹೇಗೂ ಇದನ್ನೇ ಮಾಡುತ್ತಾರೆ, ನಾವೇ ಮೊದಲು ಮಾಡಿಕೊಂಡು ಹೋದರೆ ಅವರು ಒಂದು ಬೀಡಿ ಹೆಚ್ಚಿಗೆ ಸೇದಬಹುದು.

ಇದರ ತಿರುವುಮುರುವು ಬ್ಯಾಂಡುಗಳು ಅಭ್ಯಾಸ ಮಾಡುವ ಜಾಮ್ ರೂಮಿನಲ್ಲಿ. ಅಲ್ಲಿ ಮಿಕ್ಸರಿನ ಬದಲು ಗಿಟಾರ್ ಆಂಪೇ ಇರುತ್ತದೆ. ಪ್ರೊಸೆಸರಿನೊಳಗಿನ ಸ್ಪೀಕರ್ ನಕಲು, ಆಮೇಲೆ ಅಸಲಿ ಸ್ಪೀಕರು, ಎರಡೂ ಸೇರಿದರೆ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ನಕಲನ್ನು ಆರಿಸಬೇಕು. ಆ ಗುಂಡಿ ಎಲ್ಲಿದೆ, ಒಂದೇ ಒತ್ತಿಗೆ ಸಿಗುತ್ತದೆಯೋ ಅಥವಾ ಏಳು ಮೆನು ದಾಟಬೇಕೋ ಅನ್ನುವುದನ್ನು ಅಂಗಡಿಯಲ್ಲೇ ನೋಡಿಬಿಡಬೇಕು. ಹಾಗೇ ಮಿಕ್ಸರಿಗೆ ಲೈನು ಕೊಡುವ ಎಕ್ಸ್‌ಎಲ್ಆರ್ ಔಟ್ ಇದೆಯೇ, ಗ್ರೌಂಡ್ ಲಿಫ್ಟ್ ಇದೆಯೇ. ಅರ್ಥಿಂಗ್ ಸರಿಯಿಲ್ಲದ ಜನರೇಟರು, ಅದೇ ಬೋರ್ಡಿನಿಂದ ಸೀರಿಯಲ್ ಸೆಟ್ಟಿಗೂ ಲೈನು ಎಳೆದ ಪೆಂಡಾಲುಗಳಲ್ಲಿ ‘ಹುಂ’ ಎಂಬ ಶಬ್ದ ಹಾಡಿಗಿಂತ ಮೊದಲು ಬಂದು ಕೂತಿರುತ್ತದೆ. ಗ್ರೌಂಡ್ ಲಿಫ್ಟಿನ ಸಣ್ಣ ಸ್ವಿಚ್ಚು ಎಷ್ಟೋ ಸಲ ಅದನ್ನು ಎಬ್ಬಿಸಿ ಕಳಿಸುತ್ತದೆ. ಆ ಸ್ವಿಚ್ಚಿಗೆ ಹಾಳೆಯಲ್ಲಿ ಜಾಗ ಇರಲಿಲ್ಲ, ಸೇರಿಸಿಕೊಂಡ.

ಆಂಪು ಬಿಟ್ಟು ನೇರ ಮಿಕ್ಸರಿಗೆ ಹೋಗುವುದು ಬಡತನದ ಲಕ್ಷಣ ಅನ್ನುವ ಕೀಳರಿಮೆ ಒಂದು ಕಾಲದಲ್ಲಿ ನಮಗಿತ್ತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಜನಸಾಗರದ ಮುಂದೆ ನುಡಿಸಿಹೋದ ಮೆಟಾಲಿಕಾ, ಎರಡು ವರ್ಷದ ಬಳಿಕ ಅಂಟಾರ್ಕ್ಟಿಕಾದಲ್ಲಿ ಅರ್ಜೆಂಟೀನಾದ ಕಾರ್ಲಿನಿ ನೆಲೆಯ ಬಳಿ ಒಂದು ಸಣ್ಣ ಗುಮ್ಮಟದೊಳಗೆ ನುಡಿಸಿತು. ಅಲ್ಲಿನ ಪರಿಸರಕ್ಕೆ ಧಕ್ಕೆಯಾಗಬಾರದೆಂದು ಸ್ಪೀಕರುಗಳೇ ಇಲ್ಲ. ಕೇಳುಗರೆಲ್ಲ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಗಿಟಾರುಗಳು ಹೋದದ್ದು ಫ್ರ್ಯಾಕ್ಟಲ್ ಕಂಪನಿಯ ಆಕ್ಸ್-ಎಫ್‌ಎಕ್ಸ್ ಎಂಬ ಪ್ರೊಸೆಸರುಗಳ ಮೂಲಕ. ಅದಾದ ಮೇಲೆ ನಾನು ಯಾವ ಸೌಂಡಿನವರ ಮುಂದೆಯೂ ‘ಆಂಪ್ ತಂದಿಲ್ಲ’ ಎಂದು ತಲೆ ತಗ್ಗಿಸಿಲ್ಲ.

ಇನ್ನು ಕಾಲು.

ಅಂಗಡಿಯಲ್ಲಿ ಎಲ್ಲರೂ ಪ್ರೊಸೆಸರನ್ನು ಮೇಜಿನ ಮೇಲಿಟ್ಟು ಕೈಯಿಂದ ಒತ್ತಿ ನೋಡುತ್ತಾರೆ. ನಾನು ನೆಲಕ್ಕಿಳಿಸಿದೆ. ‘ಶೂ ಬಿಚ್ಚು’ ಅಂದೆ. ಅಂಗಡಿಯ ಹುಡುಗನೂ ಅಕ್ಕನ ಮಗನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಯಾಲಿಫೋರ್ನಿಯಾದಲ್ಲೋ ಹಮಾಮತ್ಸುವಿನಲ್ಲೋ ಕೂತು ಈ ಪೆಡಲುಗಳನ್ನು ರೂಪಿಸುವವರ ಕಣ್ಣ ಮುಂದೆ ಇರುವುದು ಬೂಟುಗಾಲು. ದೇವಸ್ಥಾನದ ಅಂಗಳದಲ್ಲಿ, ಮಠದ ಸಭಾಂಗಣದಲ್ಲಿ, ಗಣಪತಿಯ ಎದುರಿನ ವೇದಿಕೆಯಲ್ಲಿ ಬರಿಗಾಲಲ್ಲಿ ನುಡಿಸುವವರು ಅವರಿಗೆ ಗೊತ್ತಿಲ್ಲ. ಬಿರುಸಾದ ಸ್ಪ್ರಿಂಗಿನ ಲೋಹದ ಗುಂಡಿಯನ್ನು ಹೆಬ್ಬೆರಳಿಂದ ಎರಡು ಗಂಟೆ ಹೊತ್ತು ಒತ್ತಿ ನೋಡಿ. ಮಾರನೆಯ ದಿನ ಚಪ್ಪಲಿಯ ಉಂಗುಷ್ಠವೂ ನೋಯುತ್ತದೆ. ಲೈನ್ 6ರ ಹೆಲಿಕ್ಸ್ ಎಂಬ ಪ್ರೊಸೆಸರಿನ ಸ್ವಿಚ್ಚುಗಳಲ್ಲಿ ಇನ್ನೊಂದು ವಿಶೇಷ: ಒತ್ತುವುದು ಬೇಡ, ಬರಿ ಚರ್ಮ ತಾಗಿದರೂ ಪರದೆಯ ಮೇಲೆ ಆ ಇಫೆಕ್ಟು ಆಯ್ಕೆಯಾಗುತ್ತದೆ. ಬಗ್ಗಿ ಕೈಯಿಂದ ತಿದ್ದುವವರಿಗಾಗಿ ಮಾಡಿದ ಜಾಣತನ ಅದು. ಬರಿಗಾಲಿಗೂ ಅದು ಅಷ್ಟೇ ವಿಧೇಯ.

ಸ್ವಿಚ್ಚುಗಳ ನಡುವಿನ ಅಂತರ, ಅವುಗಳ ಸಂಖ್ಯೆ, ಅವುಗಳ ಸಾಲು: ಇದರ ಮುಂದೆ ಆಂಪುಗಳ ಪಟ್ಟಿ ನನಗೆ ಗೌಣ. ಹೆಲಿಕ್ಸಿನ ತಮ್ಮನಂಥ ಎಚ್‌ಎಕ್ಸ್ ಸ್ಟಾಂಪಿನಲ್ಲಿ ಮೂರೇ ಸ್ವಿಚ್ಚು, ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ. ಹೆಲಿಕ್ಸ್ ಫ್ಲೋರಿನಲ್ಲಿ ಹನ್ನೆರಡು, ಆರೂವರೆ ಕಿಲೋ ಭಾರ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸುವವನಿಗೆ ಅದರ ತೂಕ ಕ್ಯಾಟಲಾಗಿನ ಅಂಕಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಕ್ವಾಡ್ ಕಾರ್ಟೆಕ್ಸ್ ಸಣ್ಣ ಮೈಯಲ್ಲಿ ಹನ್ನೊಂದು ಸ್ವಿಚ್ಚು ಕೂರಿಸಿದೆ, ಅವೇ ತಿರುಗಿಸುವ ಗುಂಡಿಗಳೂ ಹೌದು. ಚಂದದ ಉಪಾಯ, ಆದರೆ ಅಗಲ ಪಾದದವರು ಒಂದನ್ನು ತುಳಿಯಹೋಗಿ ಎರಡನ್ನು ತುಳಿಯುತ್ತಾರೆ. ಬಾಸ್ ಕಂಪನಿಯ ಎಂಇ ಸಾಲಿನ ಪೆಡಲುಗಳು ನೋಡಲು ಹಳೆಯ ಕಾಲದವು. ಮೈತುಂಬ ಗುಂಡಿ, ಪರದೆ ಎಂಬುದು ಹೆಸರಿಗಷ್ಟೇ. ಆದರೆ ಪ್ರೋಗ್ರಾಂ ನಡುವೆ ಟ್ರೆಬಲ್ಲು ಇಳಿಸಬೇಕೆಂದರೆ ಬಗ್ಗಿ ಟ್ರೆಬಲ್ಲಿನ ಗುಂಡಿ ತಿರುಗಿಸಿದರೆ ಮುಗಿಯಿತು. ಮೆನು ಅಂದರೆ ದೋಸೆ ಇಡ್ಲಿ ಅಷ್ಟೇ ಅಂದುಕೊಂಡಿರುವ ನನ್ನಂಥವರಿಗೆ ಅದೇ ಸುಖ.

ಇನ್ನೊಂದು ಪರೀಕ್ಷೆ ಮರೆಯಬಾರದು. ಒಂದು ಕಾರ್ಡು ಮೀಟಿ, ಅದು ಅನುರಣಿಸುತ್ತಿರುವಾಗಲೇ ಸೌಂಡು ಬದಲಿಸಿ. ಕೆಲವು ಪ್ರೊಸೆಸರುಗಳು ಅಲ್ಲಿ ಒಂದು ಗುಟುಕು ನೀರು ಕುಡಿಯುತ್ತವೆ, ಸಣ್ಣ ಮೌನ. ಪಲ್ಲವಿಯಿಂದ ಸೋಲೋಗೆ ಹಾರುವಾಗ ಆ ಮೌನ ಹಳ್ಳದ ಹಾಗೆ. ಇದಕ್ಕೆ ಪರಿಹಾರವಾಗಿ ಲೈನ್ 6ನವರು ಸ್ನ್ಯಾಪ್‌ಶಾಟ್ ಅನ್ನುವುದನ್ನು, ಬೇರೆಯವರು ಸೀನ್ ಅನ್ನುವುದನ್ನು ತಂದಿದ್ದಾರೆ: ಪ್ಯಾಚು ಅದೇ, ಒಳಗಿನ ಇಫೆಕ್ಟುಗಳು ಮಾತ್ರ ಒಂದೇ ತುಳಿತಕ್ಕೆ ಹಾಜರು ಗೈರು. ನನ್ನ ಜಾತ್ರೆಯ ರಾತ್ರಿ ಇದಿದ್ದಿದ್ದರೆ ಆ ಮಗು ನಿದ್ದೆ ಮಾಡಿರುತ್ತಿತ್ತು.

ಕರೆಂಟಿನ ವಿಷಯ ಚುಟುಕಾಗಿ. ಅಮೆರಿಕದಲ್ಲಿರುವ ನನ್ನ ಭಾವಮೈದುನ ಒಮ್ಮೆ ಅಕ್ಕರೆಯಿಂದ ಒಂದು ಪ್ರೊಸೆಸರು ತಂದುಕೊಟ್ಟ. ಪ್ಲಗ್ಗಿಗೆ ಕನ್ವರ್ಟರ್ ಪಿನ್ನು ಸಿಕ್ಕಿಸಿ ಚುಚ್ಚಿದೆ. ಸುಟ್ಟ ಹಾಲಿನ ಹಾಗೆ ಒಂದು ವಾಸನೆ ಬಂತು, ಅಷ್ಟೇ. ಅಡಾಪ್ಟರಿನ ಮೇಲೆ 120 ವೋಲ್ಟ್ ಎಂದು ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದಿತ್ತು, ನಮ್ಮದು 230. ‘100-240’ ಎಂದಿದ್ದರೆ ಮಾತ್ರ ನಿಶ್ಚಿಂತೆ. ಗಿಟಾರ್ ಪೆಡಲಿನ 9 ವೋಲ್ಟಿನ ಪಿನ್ನಿನಲ್ಲಿ ಸಾಮಾನ್ಯವಾಗಿ ನಡುವೆ ಮೈನಸ್ಸು, ಮನೆಯ ವೈಫೈ ರೂಟರಿನ ಅಡಾಪ್ಟರಿನಲ್ಲಿ ನಡುವೆ ಪ್ಲಸ್ಸು. ಪಿನ್ನು ಮಾತ್ರ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ಹಾಗಾಗಿಯೇ ಅಪಾಯ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ. ಬೆಂಗಳೂರಿನಲ್ಲಿ ಲಾಕ್‌ಡೌನಿನಲ್ಲಿ ಹುಮ್ಮಸ್ಸಿನಿಂದ ಕೊಂಡು, ಮಗು ಹುಟ್ಟಿದ ಮೇಲೆ ಮಾರುವವರು ದಂಡಿಯಾಗಿದ್ದಾರೆ. ಅವರ ಪೆಡಲುಗಳು ಮಂಚದಡಿಯಿಂದ ಹೊರಗೆ ಬಂದಿರುವುದಿಲ್ಲ. ಎಲ್ಲ ಸ್ವಿಚ್ಚು ತುಳಿದು ನೋಡಬೇಕು, ಜಾಕನ್ನು ಅಲುಗಾಡಿಸಿ ಕರಕರ ಶಬ್ದ ಬರುತ್ತದೆಯೇ ಕೇಳಬೇಕು, ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ ಇನ್ನೂ ಅಪ್‌ಡೇಟ್ ಬರುತ್ತಿದೆಯೇ ನೋಡಬೇಕು. 2015ರಲ್ಲಿ ಬಂದ ಹೆಲಿಕ್ಸಿಗೆ ವರ್ಷಗಟ್ಟಲೆ ಹೊಸ ಆಂಪುಗಳು ಪುಕ್ಕಟೆಯಾಗಿ ಸೇರುತ್ತ ಬಂದವು. ಎಲ್ಲ ಕಂಪನಿಗಳೂ ಅಷ್ಟು ಉದಾರಿಗಳಲ್ಲ.

ಅಕ್ಕನ ಮಗ ಕೊನೆಗೆ ಕೊಂಡದ್ದು ಆರು ಸ್ವಿಚ್ಚಿನ, ಮಧ್ಯಮ ದರ್ಜೆಯ, ಯಾರೋ ಎಂಟು ತಿಂಗಳು ಬಳಸಿದ ಒಂದು ಪ್ರೊಸೆಸರು. 40 ಸಾವಿರದ ಬಜೆಟ್ಟಿನಲ್ಲಿ 22 ಸಾವಿರಕ್ಕೆ ಮುಗಿಯಿತು. ಕಂಪನಿಯ ಹೆಸರು ಇಲ್ಲಿ ಬರೆದರೆ ನಾಳೆಯಿಂದ ನನ್ನ ಫೋನು ಸುಮ್ಮನಿರುವುದಿಲ್ಲ. ನಾಲ್ಕು ಸ್ವಿಚ್ಚಿಗೆ ನಾಲ್ಕು ಸೌಂಡು, ಐದನೆಯದಕ್ಕೆ ಸೋಲೋ ಬಂದಾಗ ಮೂರು ಡೆಸಿಬೆಲ್ ಏರಿಸುವ ವ್ಯವಸ್ಥೆ, ಆರನೆಯದಕ್ಕೆ ಟ್ಯೂನರ್. ಕಾರ್ಖಾನೆ ತುಂಬಿ ಕಳಿಸಿದ ಉಳಿದದ್ದನ್ನೆಲ್ಲ ಅಳಿಸಿಹಾಕು ಅಂದೆ. ಮನಸ್ಸು ಬರಲಿಲ್ಲವಂತೆ, ಹಿಂದಕ್ಕೆ ಸರಿಸಿಟ್ಟಿದ್ದಾನೆ.

ಮೊದಲ ಪ್ರೋಗ್ರಾಂ ಅವರ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ. ನಾನೂ ಅಕ್ಕನೂ ಮುಂದಿನ ಸಾಲಿನಲ್ಲಿ ಕೂತಿದ್ದೆವು. ನಾಲ್ಕನೆಯ ಹಾಡಿನ ಹೊತ್ತಿಗೆ ಸೌಂಡು ಚೆನ್ನಾಗಿ ಕೂತಿತ್ತು. ಗಿಟಾರು ಗಿಟಾರಿನ ಜಾಗದಲ್ಲೇ ಕೇಳುತ್ತಿತ್ತು, ಕಣಜದ ಸುಳಿವಿರಲಿಲ್ಲ. ಆಗ ಕರೆಂಟು ಹೋಯಿತು. ಜನರೇಟರು ಹತ್ತು ಸೆಕೆಂಡಿನಲ್ಲಿ ಎದ್ದುಕೊಂಡಿತು. ಮೈಕು ಬಂತು, ಕೀಬೋರ್ಡು ಬಂತು. ಪ್ರೊಸೆಸರಿನ ಪರದೆಯ ಮೇಲೆ ಕಂಪನಿಯ ಲಾಂಛನ ಮೂಡಿತು, ಅದರ ಕೆಳಗೆ ಒಂದು ಗೆರೆ ಎಡದಿಂದ ಬಲಕ್ಕೆ ಆಮೆಯ ಹಾಗೆ ಹೊರಟಿತು. ಕೆಲವು ಪ್ರೊಸೆಸರು ಐದಾರು ಸೆಕೆಂಡಿಗೆ ಎದ್ದು ನಿಲ್ಲುತ್ತವೆ, ಕೆಲವಕ್ಕೆ ಅರ್ಧ ನಿಮಿಷಕ್ಕೂ ಹೆಚ್ಚು ಬೇಕು. ಇದನ್ನು ನಾನು ಅಂಗಡಿಯಲ್ಲಿ ನೋಡಿಸಿರಲಿಲ್ಲ, ಹಾಳೆಯಲ್ಲೂ ಬರೆಸಿರಲಿಲ್ಲ. ಅಕ್ಕ ನನ್ನ ಕಡೆ ತಿರುಗಿ ನೋಡಿದಳು.

ಡ್ರಮ್ಸಿನ ಹುಡುಗನಿಗೆ ಕರೆಂಟಿನ ಹಂಗಿಲ್ಲವಲ್ಲ. ಕತ್ತಲಾದಾಗ ಬಾರಿಸುತ್ತಿದ್ದದ್ದನ್ನು ನಿಲ್ಲಿಸಿರಲಿಲ್ಲ. ಈಗ ಗಿಟಾರಿನವನ ಮುಖ ನೋಡಿ, ನೆಲದ ಮೇಲಿನ ಗೆರೆ ನೋಡಿ, ಬಾರಿಸುತ್ತಲೇ ಹೋದ. ಮೊದಲು ಮೆಲ್ಲಗೆ, ಆಮೇಲೆ ಮೈಮರೆತು. ಗೆರೆ ತುದಿ ಮುಟ್ಟಿ ಗಿಟಾರು ಮತ್ತೆ ದನಿಗೂಡಿದಾಗ ಇಡೀ ಅಪಾರ್ಟ್‌ಮೆಂಟು ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲವೂ ಮೊದಲೇ ಮಾಡಿಕೊಂಡ ಏರ್ಪಾಡು ಎಂದುಕೊಂಡಿದ್ದರು. ಕೊನೆಯಲ್ಲಿ ಶಾಲು ಹೊದಿಸುವಾಗ ಸಂಘದ ಅಧ್ಯಕ್ಷರು ಮೊದಲು ಕರೆದದ್ದು ಡ್ರಮ್ಸಿನವನನ್ನು.